ಕಾಕಾ ಕೆಳಗಿಳಿಯುವ ತನಕ

ಮೊನ್ನೆ ಜ್ವರವೆಂದು ದವಾಖಾನೆಗೆ ಹೋದಾಗ ಸಿಸ್ಟರ್ ನನ್ನ ಬೆರಳಿಗೊಂದು ಕ್ಲಿಪ್ ಸಿಕ್ಕಿಸಿದಳು, ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದು. ಉಗುರಿನ ಸುತ್ತ ಕೆಂಪು ಬೆಳಕು ಹತ್ತಿತು. ಬೇರೆ ದಿನವಾಗಿದ್ದರೆ ಅವಳ ದನಿಯನ್ನು ಅಲ್ಲೇ ಅಣಕಿಸಿ ಬೈಸಿಕೊಳ್ಳುತ್ತಿದ್ದೆ. ಅಂದು ಬೆಳಕು ನೋಡುತ್ತ ಕೂತೆ. ಪಕ್ಕದ ಮನೆಯ ಕಾಕು ನೆನಪಾದಳು...

ಕಲಬುರ್ಗಿ ಕಡೆಯಿಂದ ಈ ಮರಾಠಿ ಊರಿಗೆ ದುಡಿಯಲು ಬಂದವಳು. ಅವಳ ಗಂಡ, ನಮ್ಮೆಲ್ಲರ ಕಾಕಾ, ಬಿದಿರಿನ ಅಟ್ಟಣಿಗೆ, ಅಂದರೆ ಪರಾಂಚಿ, ಹತ್ತಿ ಎತ್ತರದ ಗೋಡೆಗಳಿಗೆ ಗಿಲಾವು ಮಾಡುವ ಗೌಂಡಿ. ನಾನು ಓಣಿಯವರನ್ನೆಲ್ಲ, ಕೊನೆಗೆ ನನ್ನ ಮೂಗಿನ ದನಿಯನ್ನೂ ಅಣಕಿಸುತ್ತಿದ್ದೆ. ತನ್ನ ಸರದಿ ಬಂದಾಗಲೂ ನಗುತ್ತಿದ್ದವಳು ಕಾಕು ಒಬ್ಬಳೇ. "ಮಂಗ್ಯಾ, ನಾ ಇಷ್ಟು ಚಂದ ಬೈತೀನೇನೋ?"

ಸಕ್ಕರೆ ಕಾಯಿಲೆಯಿಂದ ಅವಳ ಎಡಗಾಲು ಜೋಮು ಹಿಡಿದಿತ್ತು. ಚಪ್ಪಲಿ ಕಳಚಿದರೂ ಗೊತ್ತಾಗುತ್ತಿರಲಿಲ್ಲ. ಹೆಬ್ಬೆರಳಿನ ಗಾಯ ಕಪ್ಪಾದ ಮೇಲೆ ದವಾಖಾನೆಗೆ ಸೇರಿಸಿದೆವು. ಕಾಕಾ ಊರಂಚಿನ ಖರಾಡಿಗೆ ಕಟ್ಟಡದ ಕೆಲಸಕ್ಕೆ ಹೋದ ಬೆಳಿಗ್ಗೆ ಅವಳ ಬಳಿ ನಾನಿದ್ದೆ.

ಪಾದಕ್ಕೆ ರಕ್ತ ಇಳಿಯುತ್ತಿದೆಯೇ ಎಂದು ನೋಡಲು ಡಾಕ್ಟರು ಮಂಚದ ಬಳಿಗೇ ಪುಟ್ಟ ಯಂತ್ರ ತಂದರು. ಸೂಜಿಯಿಲ್ಲ, ನೋವಿಲ್ಲ. ಕಾಲಿನ ಬೆರಳಿಗೆ ಒಂದು ಪಟ್ಟಿ ಸುತ್ತಿ ತೆರೆಯ ಮೇಲೆ ಗೆರೆ ನೋಡುವುದು. ಗೆರೆ ಎದ್ದರೆ ಪಾದ ಉಳಿಸಲು ನೋಡಬಹುದು. ಹೆಬ್ಬೆರಳಿಗೆ ಬ್ಯಾಂಡೇಜಿತ್ತು. ಪಕ್ಕದ ಬೆರಳಲ್ಲಿ ಕಾಲುಂಗುರ. ತೆಗೆಯಿರಿ ಎಂದರು ಡಾಕ್ಟರು, ಮರಾಠಿಯಲ್ಲಿ.

ಒಂದು ಕಟ್ಟು ಮೆಂತ್ಯಕ್ಕಾಗಿ ಮಂಡಿಯಲ್ಲಿ ಮರಾಠಿ ಜಗಳಾಡುವ ಕಾಕುಗೆ ಅಂದು ಮರಾಠಿ ತಿಳಿಯಲಿಲ್ಲ. ಕನ್ನಡದಲ್ಲಿ ಹೇಳಿದೆ. ಅದೂ ತಿಳಿಯಲಿಲ್ಲ. ಡಾಕ್ಟರ ದನಿಯನ್ನೇ ಅಣಕಿಸಿ ಹೇಳಿದೆ. ನಗಲಿಲ್ಲ.

"ನಿಮ್ಮ ಕಾಕಾ ಈಗ ಪರಾಂಚಿ ಮ್ಯಾಲ ನಿಂತಿರ್ತಾರ. ಇಂಥಾದ್ರಾಗ ಕಾಲುಂಗುರ ತೆಗೀಲೇನು? ಅವ್ರು ಕೆಳಗ ಇಳೀಲಿ, ನನ್ನ ಮುಂದ ಬಂದು ನಿಂದರ್ಲಿ. ಆಮ್ಯಾಲ ಬೇಕಾದ್ರ ಬೆರಳೇ ತಗೋರಿ ಅನ್ನು."

"ಹಂಗ ಹೇಳಲೇನು ಕಾಕು?"

"ಹೇಳು. ಮರಾಠ್ಯಾಗ ಹೇಳು."

ಡಾಕ್ಟರು ಯಂತ್ರ ತಳ್ಳಿಕೊಂಡು ಮುಂದಿನ ಮಂಚಕ್ಕೆ ಹೋದರು. ನಾನು ಗುತ್ತೇದಾರನ ಆಫೀಸಿಗೆ ಫೋನು ಮಾಡಿದೆ. ಕಾಕಾನಿಗೆ ಸುದ್ದಿ ಮುಟ್ಟಿದ್ದು ಕೆಲಸ ಬಿಟ್ಟ ಮೇಲೆ. ಸಂಜೆ ಹುಬ್ಬಿಗೆಲ್ಲ ಸಿಮೆಂಟು ಮೆತ್ತಿಕೊಂಡೇ ಬಂದ. ಕಾಕು ಅವನನ್ನು ತಲೆಯಿಂದ ಪಾದದವರೆಗೆ ನೋಡಿದಳು.

"ಈಗ ತೆಗೀರಿ."

ಅವನೇ ಸಾಬೂನು ಹಚ್ಚಿ, ತಿರುವಿ ತಿರುವಿ ತೆಗೆದ. ಡಾಕ್ಟರು ಮತ್ತೆ ಯಂತ್ರ ತಂದು ಬೆರಳಿಗೆ ಪಟ್ಟಿ ಸುತ್ತಿದರು. ಗೆರೆ ಏಳಲಿಲ್ಲ. ಡಾಕ್ಟರು ಪಟ್ಟಿ ಸರಿಸಿ ಮತ್ತೆ ಸುತ್ತಿದರು. ನಾವು ಮೂವರೂ ತೆರೆಯನ್ನೇ ನೋಡುತ್ತಿದ್ದೆವು... ಏಳಲಿಲ್ಲ.

ಪಾದ ತೆಗೆದರು. ಬೆಳಿಗ್ಗೆಯೇ ನೋಡಿದ್ದರೆ ಗೆರೆ ಎದ್ದಿರುತ್ತಿತ್ತೇ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ಮಳೆಗಾಲ ಕಳೆದು ಕಾಕು ಹೋದಳು. ನನಗೆ ಅಳು ಬರಲಿಲ್ಲ. ಈಗಲೂ ಬರುವುದಿಲ್ಲ.

ಖರಾಡಿಯ ಕಟ್ಟಡಗಳು ಆಗಿನದಕ್ಕಿಂತ ಎತ್ತರವಾಗಿವೆ. ಕಾಕಾ ಈಗಲೂ ದಿನಾ ಹತ್ತುತ್ತಾನೆ. ಒಮ್ಮೆಯೂ ಬಿದ್ದಿಲ್ಲ.