ಜಲಜಮ್ಮ ಹೇಳದ ಪಾಸ್‌ವರ್ಡ್

ಕೊಪ್ಪದ ಖಾಸಗಿ ಆಸ್ಪತ್ರೆಯೊಂದರಲ್ಲಿ ಜಲಜಮ್ಮ ಹತ್ತೊಂಬತ್ತು ವರ್ಷ ರೋಗಿಗಳ ದಾಖಲೆ ಬರೆದವರು. 2004ರಲ್ಲಿ ಕಂಪ್ಯೂಟರ್ ಬಂದಾಗ, ನಲವತ್ತು ದಾಟಿದ ಮೇಲೆ, ಕಾಲೇಜು ಹುಡುಗಿಯರ ಪಕ್ಕ ಕೂತು ಅದನ್ನೂ ಕಲಿತರು. ಇಡೀ ಆಸ್ಪತ್ರೆಗೆ ಒಂದೇ ಪಾಸ್‌ವರ್ಡ್. ಮರೆಯಬಾರದೆಂದು ಯಾರೋ ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿದ್ದರು.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೊಂದು ದಿನ ಗುಡ್ಡಮ್ಮ ಎಂಬ ಕೂಲಿ ಹೆಂಗಸು ಪಕ್ಕೆಲುಬು ಮುರಿದುಕೊಂಡು ಬಂದಳು. ಗಂಡ ಒದ್ದನೆಂದು ಆಕೆ ಹೇಳಿದ್ದನ್ನು ಜಲಜಮ್ಮನೇ ದಾಖಲಿಸಿದರು. ವಾರ ಬಿಟ್ಟು ಪೊಲೀಸರು ಬಂದಾಗ ಪರದೆಯ ಮೇಲಿದ್ದದ್ದು ‘ಮೆಟ್ಟಿಲಿಂದ ಬಿದ್ದು ಗಾಯ’. ತಿದ್ದಿದವರನ್ನು ಹುಡುಕುವುದೆಲ್ಲಿ, ಎಲ್ಲರೂ ಬಳಸುತ್ತಿದ್ದದ್ದು ಅದೇ ಪಾಸ್‌ವರ್ಡ್. ಕೇಸು ನಿಲ್ಲಲಿಲ್ಲ. ಗುಡ್ಡಮ್ಮ ಗಂಡನ ಮನೆಗೇ ಮರಳಿದಳು. ತಿಂಗಳೊಳಗೆ ಮತ್ತೆ ಆಸ್ಪತ್ರೆಗೆ ತಂದಾಗ ತಲೆ ಒಡೆದಿತ್ತು, ಉಸಿರಿರಲಿಲ್ಲ. ಈ ಸಲವೂ ಬಿದ್ದಳೆಂದೇ ಗಂಡ ಹೇಳಿದ, ಹಳೆಯ ದಾಖಲೆಯೂ ಅದಕ್ಕೇ ಸಾಕ್ಷಿಯಾಯಿತು.

ಜಲಜಮ್ಮ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರ್ ಜಯದೇವಪ್ಪನವರ ಮುಂದೆ ನಿಂತು, ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಮಾಡದಿದ್ದರೆ ನಾಳೆಯಿಂದ ಬರುವುದಿಲ್ಲ ಎಂದರು. ಡಾಕ್ಟರು ಒಪ್ಪಿದರು; ಗಾಯದ ದಾಖಲೆ ತಿದ್ದುವ ಅಧಿಕಾರ ಅವರಿಬ್ಬರಿಗೆ ಮಾತ್ರ ಉಳಿಯಿತು. ಉಳಿದವರು ಗೊಣಗಿದರು. ಕಾಂಪೌಂಡರ್ ಅರುಣನಂತೂ ಜಲಜಮ್ಮನ ಜೊತೆ ಮಾತೇ ಬಿಟ್ಟ.

ಮರುವರ್ಷ ಬಸರೀಕಟ್ಟೆಯ ನಯನ ಬಂದಳು. ಜೀಪು ಓಡಿಸುತ್ತಿದ್ದ ಗಂಡ ಗಣಪತಿ, ಕತ್ತಿಯ ಹಿಂಬದಿಯಿಂದ ಹೊಡೆದು ಅವಳ ದವಡೆ ಮುರಿದಿದ್ದ. ಮೂರನೇ ದಿನ ಊಟದ ಹೊತ್ತಿನಲ್ಲಿ ಅವನು ದಾಖಲೆ ಕೋಣೆಗೆ ನುಗ್ಗಿ ಚಿಲಕ ಹಾಕಿದ. ಜಲಜಮ್ಮನನ್ನು ಪಕ್ಕಕ್ಕೆ ತಳ್ಳಿ, ಒಂದೊಂದೇ ಅಕ್ಷರ ಹುಡುಕಿ ಹಳೆಯ ಪಾಸ್‌ವರ್ಡ್ ಒತ್ತಿದ. ತೆರೆಯಲಿಲ್ಲ.

“ಗುಡ್ಡಮ್ಮಂದು ತಿದ್ದುವಾಗ ಅರುಣ ಇದನ್ನೇ ಒತ್ತಿದ್ದ. ನಾನೂ ಅವಳ ಗಂಡನ ಜೊತೆ ಇಲ್ಲೇ ಇದ್ದೆ. ಈಗೆಂತ ಆಯ್ತು?”

ಒಂದು ವರ್ಷದಿಂದ ಹುಡುಕುತ್ತಿದ್ದ ಹೆಸರು ಜಲಜಮ್ಮನಿಗೆ ಹಾಗೆ ಸಿಕ್ಕಿತು. ಮರುಗಳಿಗೆಯೇ ಕೆನ್ನೆಗೆ ಬಿದ್ದ ಏಟಿಗೆ ಕನ್ನಡಕ ಒಡೆದು ಹುಬ್ಬು ಸೀಳಿತು.

“ನಿಂದು ಹೇಳು. ಬಾವಿಕಟ್ಟೆಯಿಂದ ಬಿದ್ಲು ಅಂತ ಬರಿ.”

“ಆಗಲ್ಲ ಮಾರಾಯ.”

ಅವನು ಅವರ ಬಲಗೈಯನ್ನೆಳೆದು ಕಬ್ಬಿಣದ ಮೇಜಿನ ಡ್ರಾಯರಿಗೆ ತುರುಕಿ, ಡ್ರಾಯರನ್ನು ಕಾಲಿನಿಂದ ಒದ್ದ. ಮೂಳೆ ಮುರಿದ ಸದ್ದು ಅವರಿಗೇ ಕೇಳಿಸಿತು. ಇನ್ನೊಮ್ಮೆ ಒದ್ದ. ಪಾಸ್‌ವರ್ಡಿನ ಮೊದಲ ಅಕ್ಷರ ಆಗ ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಬಂದಿತ್ತೆಂಬುದನ್ನು ಜಲಜಮ್ಮ ಆಮೇಲೆ ಯಾವತ್ತೂ ಮುಚ್ಚಿಡಲಿಲ್ಲ. ತುಟಿ ಕಚ್ಚಿ, ಬಾಯಿ ತುಂಬಿದ ರಕ್ತ ನುಂಗಿದರು.

ಹೊರಗೆ ನರ್ಸ್ ಮುಬಶಿರಾ ಕೂಗಿ ಜನ ಸೇರಿಸಿದಳು. ಬಾಗಿಲು ಮುರಿಯುವಷ್ಟರಲ್ಲಿ ಗಣಪತಿ ಸ್ಟೂಲ್ ಎತ್ತಿ ಮಾನಿಟರನ್ನು ಚಚ್ಚಿ ಪುಡಿ ಮಾಡಿದ್ದ. ಅಲ್ಲಿಗೆ ಎಲ್ಲ ಅಳಿಸಿಹೋಯಿತೆಂದೇ ನಂಬಿ ಪೊಲೀಸರ ಜೊತೆ ಹೋದ. ದಾಖಲೆ ಇದ್ದ ಕಂಪ್ಯೂಟರ್ ಪೆಟ್ಟಿಗೆ ಮೇಜಿನ ಕೆಳಗೆ ಒಂದು ಗೀರೂ ಇಲ್ಲದೆ ಕೂತಿತ್ತು.

ಹುಬ್ಬಿಗೆ ಹೊಲಿಗೆ ಹಾಕುತ್ತ ಡಾಕ್ಟರು, ಪೊಲೀಸರಿಗೆ ಪ್ರತಿ ಬೇಕಂತೆ, ನಿಮ್ಮ ಪಾಸ್‌ವರ್ಡ್ ಹೇಳಿ ಎಂದರು.

“ನಿಮ್ದ್ರಲ್ಲೇ ತೆಗೀರಿ ಸಾರ್” ಎಂದರು ಜಲಜಮ್ಮ.

ಗಣಪತಿಗೆ ಶಿಕ್ಷೆಯಾಯಿತು. ಅರುಣನ ಕೆಲಸ ಹೋಯಿತು. ಜಲಜಮ್ಮನ ಎರಡು ಬೆರಳು ಮತ್ತೆ ಮಡಚಲಿಲ್ಲ. ಉಳಿದ ಎಂಟರಲ್ಲೇ ಟೈಪ್ ಮಾಡಿದರು. ಗುಡ್ಡಮ್ಮನ ಕೇಸನ್ನು ಮತ್ತೆ ತೆರೆಸಲು ಎರಡು ವರ್ಷ ಠಾಣೆಗೆ ಅಲೆದರು. ಅದು ಮಾತ್ರ ಆಗಲಿಲ್ಲ.