ಕಾಟಾ ಅಜ್ಜನ ಇನ್ನೂರ ಹನ್ನೆರಡು ಮನೆಗಳು

ಕಾಟಾ ಅಜ್ಜನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಸಂಡೂರಿನ ಗಣಿಯಲ್ಲಿ ಲಾರಿಯ ಹಿಂಬಾಗಿಲು ಕೈಮೇಲೆ ಬಿದ್ದು ಹಾಗಾದದ್ದು. ಆಮೇಲೆ ಬೆಳೆದದ್ದೆಲ್ಲ ಎರಡು ದಪ್ಪ ಚೂರುಗಳಾಗಿಯೇ, ಹುಣಸೆ ಬೀಜದ ಬಣ್ಣದಲ್ಲಿ. ಕಂಪ್ಯೂಟರಿನ ಪರದೆ ಓದುವಾಗ ಆ ಉಗುರನ್ನು ಸಾಲಿನ ಗುಂಟ ಎಡದಿಂದ ಬಲಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಸಾಲು ಸರಿಯಿದ್ದರೆ ಕೊನೆಗೆ ಟಕ್ ಎಂದು ಒಂದು ಪೆಟ್ಟು, ತಪ್ಪಿದ್ದರೆ ಎರಡು. ಅವರ ಬಳಿ ಕಲಿತ ದಿನಗಳನ್ನು ನಾನು ಡೈರಿಯಲ್ಲಿ ಎಣಿಸಿಟ್ಟಿದ್ದೇನೆ: ನೂರಾ ಆರು. ಎರಡು ಪೆಟ್ಟು ಬಿದ್ದ ಸಾಲುಗಳನ್ನೂ ಮೊದಲ ತಿಂಗಳು ಎಣಿಸಿದೆ. ಎಪ್ಪತ್ತು ದಾಟಿದ ಮೇಲೆ ನಾಚಿಕೆಯಾಗಿ ಬಿಟ್ಟೆ.

ಹೊಸಪೇಟೆಯಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದು. ಅದಿರಿನ ಲಾರಿಗಳನ್ನು ತೂಗುವ ಕಾಟಾದಲ್ಲಿ ಗುಮಾಸ್ತರಾಗಿದ್ದರಿಂದ ಓಣಿಗೆಲ್ಲ ಅವರು ಕಾಟಾ ಅಜ್ಜ. ಗಣಿಯ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಉಳಿದವರು ದೂರ ಸರಿದು ನಿಂತರಂತೆ. ಇವರು ಅದನ್ನು ಕೂರಿಸಲು ಬಂದ ಇಂಜಿನಿಯರನ ಬೆನ್ನು ಬಿಡದೆ ‘ಆಕ್’ ಎಂಬ ಪುಟ್ಟ ಭಾಷೆ ಕಲಿತರು. ಪಠ್ಯವನ್ನು ಸಾಲು ಸಾಲಾಗಿ ಓದಿ, ಬೇಕಾದದ್ದನ್ನು ಹೆಕ್ಕಿ, ಬೇಕಾದ ಹಾಗೆ ಜೋಡಿಸಿ ಕೊಡುವ ಭಾಷೆ ಅದು. ನಿವೃತ್ತಿಯಾಗಿ ಮನೆಗೆ ಬಂದ ಮೇಲೂ ಅದನ್ನು ಬಿಟ್ಟಿರಲಿಲ್ಲ.

ನಾನು ಆಗ ಒಂದು ಕಚೇರಿಯಲ್ಲಿ ಗುತ್ತಿಗೆಯ ಕೆಲಸಕ್ಕಿದ್ದೆ. ಒಂದು ಪಟ್ಟಿಯ ಹೆಸರುಗಳನ್ನು ಇನ್ನೊಂದು ಪಟ್ಟಿಗೆ ಒಂದೊಂದಾಗಿ ಏರಿಸುವುದೇ ದಿನವಿಡೀ ಕೆಲಸ. ನನ್ನ ಮಣಿಕಟ್ಟಿನ ನೋವಿನ ಮಾತು ಅಮ್ಮನ ಬಾಯಿಂದ ಅವರ ಕಿವಿಗೆ ಬಿತ್ತು.

“ಕೈಲೆ ಮಾಡಿದರ ಬೆರಳು ಸವಿತಾವ, ಬುದ್ಧಿ ಹಂಗ ಉಳಿತೈತಿ,” ಎಂದರು. “ಪುರಸೊತ್ತು ಇದ್ದ ದಿನ ಮುಂಜಾನೆ ಏಳಕ್ಕ ಬಾ. ಏಳೂ ಐದಕ್ಕ ಬಂದರ ಬಾಗಲಾ ತೆಗಿಯಂಗಿಲ್ಲ.”

ಪಾಠಕ್ಕೆ ಅವರು ಬಳಸುತ್ತಿದ್ದದ್ದು ಲಾರಿಗಳ ಹಳೆಯ ಪಟ್ಟಿ. ಒಂದು ಸಾಲಿಗೆ ಒಂದು ಲಾರಿ: ನಂಬರು, ಡ್ರೈವರನ ಹೆಸರು, ತೂಕ. ಆಕ್‌ನಲ್ಲಿ ಡಾಲರ್ ಚಿಹ್ನೆಯ ಮುಂದೆ ಒಂದು ಬರೆದರೆ, ಅಂದರೆ ಡಾಲರ್ ಒಂದು, ಸಾಲಿನ ಮೊದಲ ಪದ, ಡಾಲರ್ ಎರಡು ಎಂದರೆ ಎರಡನೆಯದು. ಡಾಲರ್ ಸೊನ್ನೆ ಎಂದರೆ ಏನೂ ಇಲ್ಲವೆಂದು ನಾನು ತಿಳಿದಿದ್ದೆ.

“ಸೊನ್ನಿ ಅಂತ ಹಗುರ ಮಾಡಬ್ಯಾಡವಾ. ಸೊನ್ನಿ ಅಂದ್ರ ಇಡೀ ಸಾಲು. ಮನಿಯಾಗ ಸುಮ್ನ ಕುಂತ ಹಿರೇ ಮನುಷ್ಯಾ ಇದ್ದಂಗ. ಎಲ್ಲಾ ಅವನ ಕೈಯಾಗ ಇರತೈತಿ.”

ಅವರ ಪಾಠಗಳಲ್ಲಿ ನನಗೆ ಬಹಳ ಹಿಡಿಸಿದ್ದು ಸಾಲಿನ ಸಂಖ್ಯೆಯದು. ಕಡತದಲ್ಲಿ ಎಲ್ಲಿಯೂ ಆ ಸಂಖ್ಯೆ ಬರೆದಿರುವುದಿಲ್ಲ. ಆಕ್ ಓದುತ್ತಾ ಹೋದಂತೆ ಅದು ಹುಟ್ಟುತ್ತದೆ. ಮೊದಲು ಓದಿದ್ದು ಒಂದು, ಆಮೇಲಿನದು ಎರಡು. ಇದನ್ನು ನಾನು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಬರೆದುಕೊಂಡೆನೇ ಹೊರತು ಅರ್ಥ ಮಾಡಿಕೊಂಡಿರಲಿಲ್ಲ.

ಅವರ ಕಂಪ್ಯೂಟರಿನಲ್ಲಿ ಇನ್ನೊಂದು ಕಡತ ಇತ್ತು. ಅಜ್ಜ ಹುಟ್ಟಿದ ಹಳ್ಳಿ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದಾಗ ಅವರಿಗೆ ಎಂಟು ವರ್ಷ. ಊರವರು ಕಂಪ್ಲಿ, ಗಾದಿಗನೂರು, ಹೊಸಪೇಟೆ ಎಂದು ಚದುರಿಹೋದರು. ಬಹಳ ವರ್ಷಗಳ ಮೇಲೆ, ಅವರ ತಾಯಿ ಹಾಸಿಗೆ ಹಿಡಿದಾಗ, ಆಕೆ ಮಂಚದ ಮೇಲೆ ಮಲಗಿಕೊಂಡು ಊರಿನ ಮನೆಗಳನ್ನು ಹೇಳುತ್ತಾ ಹೋದರು, ಮಗ ಪಕ್ಕದಲ್ಲಿ ಕುಳಿತು ನೇರವಾಗಿ ಟೈಪ್ ಮಾಡುತ್ತಾ ಹೋದರು. ಒಂದು ಸಾಲಿಗೆ ಒಂದು ಮನೆ: ಮನೆತನದ ಹೆಸರು, ಯಜಮಾನ, ಮನೆಯಲ್ಲಿದ್ದವರು, ಮುಳುಗಿದ ಮೇಲೆ ಹೋದ ಊರು. ಒಟ್ಟು ಇನ್ನೂರ ಹನ್ನೆರಡು ಮನೆ. ನಡುನಡುವೆ ಅಲ್ಲಲ್ಲಿ ಖಾಲಿ ಸಾಲುಗಳು. ತಾಯಿ ತೀರಿಕೊಂಡ ಮೇಲೂ ಅಜ್ಜ ಹೆಸರುಗಳನ್ನು ತಿದ್ದುತ್ತಲೇ ಇದ್ದರು. ಪೂರ್ತಿ ಆಗುವವರೆಗೆ ಕಾಗದದ ಮೇಲೆ ಮುದ್ರಿಸುವುದಿಲ್ಲ ಎಂಬ ಹಟ. ಮುದ್ರಿಸಿದ ದಿನ ಊರವರ ಮಕ್ಕಳು ಮೊಮ್ಮಕ್ಕಳಿಗೆಲ್ಲ ಒಂದೊಂದು ಪ್ರತಿ ಕೊಡುವುದೆಂದು ಕಂಪ್ಲಿಯಲ್ಲಿದ್ದ ಮಗಳ ಜೊತೆ ಮಾತಾಗಿತ್ತು.

ಬೇಸಿಗೆಯಲ್ಲಿ ಅವರು ಕಣ್ಣಿನ ಆಪರೇಷನ್ನಿಗೆ ಬೇರೆ ಊರಿಗೆ ಹೋದರು. ಹತ್ತು ದಿನ ಪರದೆ ನೋಡುವಂತಿಲ್ಲ. ಮನೆಯ ಕೀಲಿ ನನ್ನ ಕೈಗೆ ಕೊಟ್ಟು, “ಲಾರಿ ಪಟ್ಟಿ ಮ್ಯಾಲ ಕೈ ಆಡಸ್ತಿರು,” ಎಂದಿದ್ದರು.

ಲಾರಿ ಪಟ್ಟಿ ಎರಡೇ ದಿನಕ್ಕೆ ಬೇಸರ ಬಂತು. ಮೂರನೆಯ ದಿನ ಊರಿನ ಕಡತ ತೆರೆದೆ. ಅದು ನನ್ನ ಕಣ್ಣಿಗೆ ಅಸ್ತವ್ಯಸ್ತವಾಗಿ ಕಂಡಿತು. ‘ಕ’ ಆದ ಮೇಲೆ ‘ಬ’, ಅದಾದ ಮೇಲೆ ‘ಅ’. ಕಾರಣವಿಲ್ಲದ ಖಾಲಿ ಸಾಲುಗಳು. ಅಜ್ಜ ಬರುವುದರೊಳಗೆ ಒಪ್ಪ ಮಾಡಿಟ್ಟು ಖುಷಿಪಡಿಸಬೇಕೆಂದುಕೊಂಡೆ. ಖಾಲಿ ಸಾಲುಗಳನ್ನೆಲ್ಲ ತೆಗೆಯಲು ಆಕ್‌ನಲ್ಲಿ ಎರಡೇ ಅಕ್ಷರ ಸಾಕು. ತೆಗೆದೆ. ಉಳಿದದ್ದನ್ನು ಅಕಾರಾದಿಯಾಗಿ ಜೋಡಿಸಿ, ಹಳೆಯದರ ಮೇಲೆಯೇ ಸೇವ್ ಮಾಡಿದೆ. ಅಂದು ಶನಿವಾರ. ಶನಿವಾರ ಎರಡು ಪೆನ್‌ಡ್ರೈವ್‌ಗಳಿಗೂ ಹಳೆಯ ನಕಲಿನ ಮೇಲೆ ಹೊಸ ನಕಲು ಹಾಕುವುದು ಅಜ್ಜನ ನಿಯಮ. ಅವರಿಲ್ಲದಿದ್ದರೂ ನಿಯಮ ತಪ್ಪಬಾರದೆಂದು ಎರಡಕ್ಕೂ ಹಾಕಿದೆ. ಡೈರಿಯಲ್ಲಿ ಬರೆದೆ: ‘ಊರಿನ ಕಡತ ಸ್ವಚ್ಛ ಮಾಡಿದೆ. ಹದಿನೇಳು ಖಾಲಿ ಸಾಲು ತೆಗೆದೆ. ನಕಲು ಎರಡು.’

ಅಜ್ಜ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ನಾನೇ ಕಡತ ತೆರೆದು ಕುರ್ಚಿ ಬಿಟ್ಟುಕೊಟ್ಟೆ. ಉಗುರು ಮೊದಲ ಸಾಲಿನ ಕೊನೆಯವರೆಗೆ ಹೋಯಿತು. ಎರಡನೆಯ ಸಾಲಿನ ನಡುವೆ ನಿಂತಿತು.

“ಇದ್ಯಾವ ಊರು?”

“ನಿಮ್ಮೂರ ಅಜ್ಜಾರ. ಅಕ್ಷರದ ಪ್ರಕಾರ ಹಚ್ಚೀನಿ.”

“ಅಂಬಿಗರ ಮನಿ ಬಾಜೂಕ ಅಗಸರ ಮನಿ ಹೆಂಗ ಬಂತು? ಅಂಬಿಗರು ಹೊಳಿ ಕಡೆ. ನಡುವ ಅರ್ಧ ಊರು ಐತಿ.”

ಆಗ ನನಗೆ ತಿಳಿಯಿತು. ಅವರ ತಾಯಿ ಊರಿನ ದೊಡ್ಡ ಬಾವಿಯಿಂದ ಹೊರಟು ಮನಸ್ಸಿನಲ್ಲೇ ಓಣಿ ಓಣಿ ನಡೆಯುತ್ತಾ ಮನೆಗಳನ್ನು ಹೇಳಿದ್ದರು. ಯಾರ ಮನೆಯ ಪಕ್ಕ ಯಾರ ಮನೆ ಎಂಬುದು ಆ ಸಾಲುಗಳ ಸರದಿಯಲ್ಲಿ ಮಾತ್ರ ಇತ್ತು. ಖಾಲಿ ಸಾಲು ಇದ್ದಲ್ಲಿ ಓಣಿ ತಿರುಗುತ್ತಿತ್ತು. ಆ ಊರಿಗೆ ಬೇರೆ ನಕ್ಷೆ ಇರಲಿಲ್ಲ.

“ಪೆನ್‌ಡ್ರೈವ್ ಕೊಡು,” ಎಂದರು.

“ಅದಕ್ಕೂ ಹಾಕೀನ್ರಿ.”

“ಎರಡಕ್ಕೂ?”

“ಎರಡಕ್ಕೂ.”

ಅವರು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. “ಚಾ ಕುಡದು ಬರ್ತೀನಿ,” ಎಂದು ಹೊರಗೆ ಹೋದರು. ಒಂದು ಗಂಟೆ ಹತ್ತು ನಿಮಿಷ ಬರಲಿಲ್ಲ. ನಾನು ಅಳುತ್ತಾ ಡೈರಿ ತಿರುವಿದೆ. ಖಾಲಿ ಸಾಲುಗಳು ಎಷ್ಟು ಎಂದು ಬರೆದಿದ್ದೆ. ಎಲ್ಲಿದ್ದವು ಎಂದು ಬರೆದಿರಲಿಲ್ಲ.

ತಿರುಗಿ ಬಂದವರು ನನ್ನ ಮುಖ ನೋಡಿ, “ಏಳು, ಮಾರಿ ತೊಳಕ್ಕೊ. ಯಾರೂ ಅಳಿಸಿ ಹೋಗಿಲ್ಲ. ಎಲ್ಲಾರೂ ಇಲ್ಲೇ ಅದಾರ. ದಾರಿ ತಪ್ಪ್ಯಾರ ಅಷ್ಟ,” ಎಂದರು.

ಮರುದಿನದಿಂದ ಪಾಠ ನಿಂತು ನಡಿಗೆ ಶುರುವಾಯಿತು. ಅಜ್ಜ ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂರುವುದು, ನಾನು ಟೈಪ್ ಮಾಡುವುದು. “ಈ ಸಲ ಮನಿಗೆ ನಂಬರ್ ಹೊಡಿ, ಮುನ್ಸಿಪಾಲ್ಟಿಯೋರ ಹಂಗ,” ಎಂದು ನಕ್ಕರು. “ಬಾವಿಯಿಂದ ಹೊಂಟೆ. ಬಲಕ್ಕ ಗಾಣಿಗರ ಮನಿ. ಅಲ್ಲಿ ಕಡಿಯೋ ನಾಯಿ ಇತ್ತು, ಓಡು. ಮುಂದ ಕುಂಬಾರರು. ಅವರ ಹುಡುಗ ನನ್ನ ಗೋಲಿ ಕದ್ದಿದ್ದ, ಕಳ್ಳ ಬಾಡಕೋ.”

ತಾಯಿ ನಡೆದದ್ದು ಊರಿನ ಹೆಂಗಸಾಗಿ. ಮಗ ನಡೆಯುತ್ತಿದ್ದದ್ದು ಎಂಟು ವರ್ಷದ ಹುಡುಗನಾಗಿ. ಪೇರಲ ಗಿಡವಿದ್ದ ಮನೆ, ನಾಯಿಯಿದ್ದ ಮನೆ, ಜೊತೆಗಾರರಿದ್ದ ಮನೆ ಸರಸರ ಬಂದವು. ಮೊದಲ ವಾರ ಐವತ್ತೆಂಟು ಮನೆ. ಎರಡನೆಯ ವಾರ ಮೂವತ್ತೊಂದು. ಆಮೇಲೆ ವಾರಕ್ಕೆ ಏಳು, ನಾಲ್ಕು, ಎರಡು.

“ಹುಡುಗರು ಇಲ್ಲದ ಮನಿ ನೆಪ್ಪಿಗೆ ಬರವಲ್ವು,” ಎಂದರು ಒಂದು ದಿನ. “ಬರೇ ಮುದುಕರು ಇದ್ದ ಮನಿ. ಅಲ್ಲಿ ನಮಗೇನು ಕೆಲಸ? ಹೊಳ್ಳಿ ಸೈತ ನೋಡಿಲ್ಲ ನಾವು.”

ನೀರು ಪೂರ್ತಿ ಇಳಿದಾಗ ಆಟೋ ಮಾಡಿಕೊಂಡು ಹಿನ್ನೀರಿನ ದಂಡೆಗೆ ಹೋದೆವು. ಬಿರುಕು ಬಿಟ್ಟ ಕೆಸರು, ಅಲ್ಲಲ್ಲಿ ಒಣಗಿದ ಕಪ್ಪೆಚಿಪ್ಪು, ದೂರದಲ್ಲಿ ಕುರಿಗಳು. ಅಜ್ಜ ಚಪ್ಪಲಿ ಬಿಟ್ಟು ಸ್ವಲ್ಪ ದೂರ ಹೋಗಿ ನಿಂತರು. ಸುತ್ತ ತಿರುಗಿ ನೋಡಿದರು. ಮತ್ತೊಮ್ಮೆ ತಿರುಗಿದರು.

“ಇಲ್ಲೇನೂ ತಿಳಿಯಂಗಿಲ್ಲ,” ಎಂದರು. “ನಡಿ, ಮನಿಗೆ ಹೋಗಿ ಕಣ್ಣು ಮುಚ್ಚೋಣ.”

ಕಂಪ್ಲಿಯ ಮಗಳು ತಿಂಗಳಿಗೊಮ್ಮೆ ಬರುತ್ತಿದ್ದರು. ಕಡತ ಕೆಟ್ಟ ಸುದ್ದಿ ಅವರಿಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದಾಗ ಅಜ್ಜನೇ, “ಮಗಳಿಗೆ ನಾ ಹೇಳೀನಿ. ನೀ ಚಿಂತಿ ಮಾಡಬ್ಯಾಡ,” ಎಂದರು. ಎಲ್ಲವನ್ನೂ ಹೇಳಿದ್ದಾರೆಂದೇ ನಾನು ತಿಳಿದೆ. ಅವರು ಬಂದ ದಿನ ನಾನು ಆ ಮನೆಯ ಕಡೆ ಸುಳಿಯುತ್ತಿರಲಿಲ್ಲ. ನನ್ನನ್ನು ಬೈಯಲು ಅವರಿಗೆ ಹಕ್ಕಿದೆ ಎಂದು ಗೊತ್ತಿತ್ತು, ಬೈಸಿಕೊಳ್ಳುವ ಧೈರ್ಯ ಇರಲಿಲ್ಲ.

ಚಳಿಗಾಲ ಬರುವ ಹೊತ್ತಿಗೆ ನೂರಾ ಅರವತ್ತೊಂಬತ್ತು ಮನೆಗಳು ತಮ್ಮ ಜಾಗಕ್ಕೆ ಸೇರಿದ್ದವು. ಹದಿನೇಳು ತಿರುವುಗಳಲ್ಲಿ ಹನ್ನೊಂದು ಸಿಕ್ಕಿದ್ದವು. ನೂರಾ ಆರನೆಯ ದಿನ ಅಜ್ಜ ಅರ್ಧ ಓಣಿ ನಡೆದು, “ದಣಿವಾತು. ನಾಳೆ ಇಲ್ಲಿಂದ ಹಿಡಿಯೋಣ,” ಎಂದು ಎದ್ದರು. ಅಂದೇ ಮಧ್ಯಾಹ್ನ ಎದೆನೋವು ಬಂತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ನಾನು ಹೋದಾಗ ಮೂಗಿಗೆ ನಳಿಗೆ ಹಾಕಿದ್ದರು. ನನ್ನನ್ನು ನೋಡಿ ಹೆಬ್ಬೆರಳು ಎತ್ತಿ ಮಂಚದ ಕಂಬಿಗೆ ಒಂದು ಪೆಟ್ಟು ಹೊಡೆದರು. ಒಂದೇ. ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡರು.

ಕರ್ಮಗಳೆಲ್ಲ ಮುಗಿದ ಮೇಲೆ ಅವರ ಮಗಳು ನನ್ನನ್ನು ಕರೆಸಿದರು. ಅಪ್ಪನ ಅಂಗಿಗಳನ್ನು ಮಡಿಸಿ ಟ್ರಂಕಿಗೆ ಇಡುತ್ತಿದ್ದರು.

“ಕುಂದ್ರವಾ. ಅಜ್ಜಿ ಹೇಳಿದ ಊರಿಂದು ಪ್ರಿಂಟ್ ತೆಗಿಸಬೇಕಂತ ಮಾಡೀನಿ. ಎಷ್ಟು ಉಳದೈತೋ ಅಷ್ಟ. ಕಣ್ಣು ಕಾಣದಾಗ ಅಪ್ಪ ಅದಕ್ಕ್ಯಾಕ ಕೈ ಹಾಕಿದನೋ ಏನೋ. ಎಲ್ಲಾ ಕಲಸಿ ಇಟ್ಟ.”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ಅಕ್ಕಾರ, ಅಜ್ಜಾರು ನಿಮಗ ಏನಂತ ಹೇಳಿದ್ರು?”

“ಆಪರೇಷನ್ ಆದಮ್ಯಾಲ ಕಣ್ಣು ಮಂಜಾಗಿ ತಪ್ಪು ಕೀ ಒತ್ತಿದೆ ಅಂದ.”

“ಅವರಲ್ರಿ. ನಾನು. ಅವರು ಊರಾಗ ಇಲ್ಲದಾಗ ನಾನ ಕೆಡಿಸಿದ್ದು.”

ಅವರು ಮಡಿಸುತ್ತಿದ್ದ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಬೈಗುಳಕ್ಕೆ ಕಾದು ಕುಳಿತೆ.

“ನಾ ಅವಗ ಎಂಥಾ ಮಾತು ಅಂದೀನಿ ಗೊತ್ತೇನ ನಿನಗ?” ಎಂದರು. “ಡ್ಯಾಮಿನೋರು ಒಂದು ಸಲ ಮುಳುಗಿಸಿದ್ರು, ನೀ ಎರಡನೇ ಸಲ ಮುಳುಗಿಸಿದಿ ಅಂದೀನಿ. ಇದ ಮನ್ಯಾಗ, ಇಲ್ಲೇ ನಿಂತು. ಬಂದಾಗೊಮ್ಮೆ ಅಂದೀನಿ. ಸುಮ್ನ ಕುಂತು ಕೇಳಿದ. ಮೊದಲ ಹೇಳಬಾರದಿತ್ತೇನವಾ ನೀನು?”

ನಾನು ಉಳಿದ ಅಂಗಿಗಳನ್ನು ಒಂದೊಂದಾಗಿ ಮಡಿಸಿ ಟ್ರಂಕಿಗೆ ಇಡತೊಡಗಿದೆ.

ಪುಸ್ತಕ ನಾನೇ ಸಿದ್ಧ ಮಾಡಿದೆ. ನೂರಾ ಅರವತ್ತೊಂಬತ್ತು ಮನೆಗಳು ಓಣಿಯ ಸರದಿಯಲ್ಲಿ, ತಿರುವಿದ್ದಲ್ಲಿ ಒಂದು ಖಾಲಿ ಸಾಲು. ಕೊನೆಯ ಪುಟದಲ್ಲಿ ಉಳಿದ ನಲವತ್ಮೂರು, ಮಕ್ಕಳಿಲ್ಲದ ಮನೆಗಳು, ಸಂಖ್ಯೆಯಿಲ್ಲದೆ. ಅವುಗಳ ಮೇಲೆ ಬರೆದೆ: ‘ಈ ಮನೆಗಳ ಜಾಗ ನನ್ನ ತಪ್ಪಿನಿಂದ ಹೋಯಿತು. ಊರನ್ನು ಕಂಡವರು ಯಾರಾದರೂ ಇದ್ದರೆ ಇವರ ಪಕ್ಕದಲ್ಲಿ ಯಾರಿದ್ದರೆಂದು ಹೇಳಬೇಕು.’ ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.

ಮುದ್ರಣಕ್ಕೆ ಕೊಡುವ ಮುಂಚೆ ಅಕ್ಕನಿಗೆ ತೋರಿಸಿದೆ. ಅವರು ಆ ಪುಟವನ್ನು ಎರಡು ಸಲ ಓದಿದರು. ತೆಗೆದುಹಾಕು ಎನ್ನಲಿಲ್ಲ.