ವನಜಳ ಬೆಳಗಿನ ತಿಂಡಿ

ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಮೀನು ಕೊಯ್ದುಕೊಡುವ ವನಜ ನಸುಕಿಗೇ ಮನೆ ಬಿಡುತ್ತಿದ್ದಳು. ಒಲೆ ಹಚ್ಚಲು ಹೊತ್ತಿಲ್ಲದೆ, ಮದುವೆಯಾದಂದಿನಿಂದ ಮಾರುಕಟ್ಟೆಯೆದುರಿನ ಹೋಟೆಲಿನಲ್ಲಿ ಎಣ್ಣೆಯಲ್ಲಿ ಕರಿದ ಮೈದಾದ ಬನ್ಸ್, ಗೋಳಿಬಜೆ, ಸಿಹಿ ಚಹಾವೇ ಅವಳ ತಿಂಡಿ. ಮೀನಿನ ಮುಳ್ಳು ಚುಚ್ಚಿದ ಬೆರಳಿನ ಗಾಯ ಮಾಯದಿದ್ದಾಗ ಡಾಕ್ಟರು ಸಕ್ಕರೆ ಕಾಯಿಲೆಯೆಂದರು. ಸಕ್ಕರೆ, ಮೈದಾ, ಎಣ್ಣೆ ಬಿಟ್ಟು ಕಾಳು ತಿನ್ನಲು ಹೇಳಿದರು.

ಮರುದಿನ ಅವಳು ಹೋಟೆಲಿನವನನ್ನು ಕೇಳಿದಳು: "ಹ್ವಾಯ್, ಬೇಯ್ಸಿದ್ ಹೆಸ್ರುಕಾಳ್ ಇತ್ತಾ?"

"ಅದನ್ನ್ ಯಾರ್ ತಿಂತ್ರ್ ವನಜಕ್ಕ? ಬನ್ಸ್ ಬಿಸಿ ಇತ್ತ್, ಕೊಡ್ಲಾ?"

ಹಸಿವು ತಡೆಯಲಾಗದೆ ಕೈಚಾಚಿದಳು. ಆಮೇಲೆ ದಿನವೂ ಹಾಗೆಯೇ ಆಯಿತು.

ಮಳೆಗಾಲದಲ್ಲಿ ಬೆರಳು ಕೊಳೆತು, ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಆ ಕೈಯಲ್ಲಿ ಕತ್ತಿ ನಿಲ್ಲದೆ ಕೆಲಸವೂ ಹೋಯಿತು. ಈಗ ಕಾಳು ಬೇಯಿಸಲು ಅವಳಿಗೆ ಬೇಕಾದಷ್ಟು ಹೊತ್ತಿದೆ. ಬಟ್ಟಲನ್ನು ಮುಂದಿಟ್ಟುಕೊಂಡು ಕೂರುತ್ತಾಳೆ. ಬೆರಳಿಲ್ಲದ ಕೈಯನ್ನೇ ನೋಡುತ್ತ, ಕಾಳು ಆರಿಹೋದ ಮೇಲೆ ಒಂದು ತುತ್ತೂ ತಿನ್ನದೆ ಮುಚ್ಚಿಡುತ್ತಾಳೆ.